ಒಂದೇ ಪ್ರಿಂಟರ್, ಮನೆ ತುಂಬ ಕಂಪ್ಯೂಟರ್: ಎಲ್ಲರಿಗೂ ಸಿಗುವ ಹಾಗೆ ಮಾಡುವುದು ಹೇಗೆ?

ಎಸ್‌ಎಸ್‌ಪುರಂ_ಮಹಡಿಮನೆ:
ಎಲ್ಲರಿಗೂ ನಮಸ್ಕಾರ. ತುಮಕೂರಿನ ಎಸ್.ಎಸ್. ಪುರಂನಲ್ಲಿ ನಮ್ಮದು ಎರಡು ಮಹಡಿಯ ಮನೆ. ಕೆಳಗೆ ಅಪ್ಪನ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಅದಕ್ಕೆ ಎಚ್‌ಪಿ ಲೇಸರ್‌ಜೆಟ್ 1020 ಪ್ರಿಂಟರ್ ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಕೊಂಡಿದೆ. ಹಳೇ ಪ್ರಿಂಟರ್, ಆದರೆ ಗಟ್ಟಿಮುಟ್ಟಾಗಿದೆ. 12ಎ ಟೋನರ್ ಊರಿನಲ್ಲೇ ರೀಫಿಲ್ ಆಗುತ್ತದೆ. ಅದನ್ನು ಬಿಡುವ ಮನಸ್ಸಿಲ್ಲ.

ಮೇಲಿನ ಮಹಡಿಯಲ್ಲಿ ನನ್ನ ವಿಂಡೋಸ್ 11 ಲ್ಯಾಪ್‌ಟಾಪ್. ತಂಗಿ ಇಂಜಿನಿಯರಿಂಗ್ ಓದುತ್ತಿದ್ದಾಳೆ, ಅವಳ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್. ಅಮ್ಮನಿಗೆ ಆಂಡ್ರಾಯ್ಡ್ ಫೋನಿನಿಂದಲೇ ಪಹಣಿ, ಬಿಲ್ಲು, ಟಿಕೆಟ್ ಪ್ರಿಂಟ್ ತೆಗೆಯಬೇಕು. ಈಗ ಎಲ್ಲರೂ ಪೆನ್‌ಡ್ರೈವ್ ಹಿಡಿದು ಕೆಳಗೆ ಬರಬೇಕು. ಅಪ್ಪ ಕನ್ನಡ ಟೈಪ್ ಮಾಡುತ್ತಾ ಕೂತಿದ್ದರೆ ಅವರನ್ನು ಎಬ್ಬಿಸಬೇಕು. ಅವರವರ ಯಂತ್ರದಿಂದಲೇ ಪ್ರಿಂಟ್ ಕೊಡುವ ದಾರಿ ಬೇಕು. ಡೆಸ್ಕ್‌ಟಾಪ್‌ನಲ್ಲಿ ಶೇರ್ ಆನ್ ಮಾಡಿದೆ, ಮೇಲಿನ ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣುತ್ತಲೇ ಇಲ್ಲ. ವೈಫೈ ಎರಡೂ ಕಡೆ ಚೆನ್ನಾಗಿ ಬರುತ್ತಿದೆ.

ಗುಬ್ಬಿಗೇಟ್:
ಮೇಲಿನ ಮಹಡಿಗೆ ಬೇರೆ ರೂಟರ್ ಇದೆಯಾ? ಇದ್ದರೆ ಎರಡೂ ಕಂಪ್ಯೂಟರ್‌ಗಳ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಯಂತ್ರದ ನಂಬರ್) ನೋಡಿ ಹೇಳಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ನೆಟ್‌ವರ್ಕ್, ನಿಮ್ಮ ವೈಫೈನ ಪ್ರಾಪರ್ಟೀಸ್. ಅಲ್ಲಿ ಐಪಿವಿ4 ಅಂತ ಇರುತ್ತದೆ.

ಎಸ್‌ಎಸ್‌ಪುರಂ_ಮಹಡಿಮನೆ:
ಹೌದು, ಮೇಲೆ ಸಿಗ್ನಲ್ ಬರುತ್ತಿರಲಿಲ್ಲ ಅಂತ ಇನ್ನೊಂದು ರೂಟರ್ ಹಾಕಿಸಿದ್ದೇವೆ. ಕೆಳಗಿನ ಡೆಸ್ಕ್‌ಟಾಪ್ 192.168.1.34. ಮೇಲಿನ ಲ್ಯಾಪ್‌ಟಾಪ್ 192.168.0.102.

ಗುಬ್ಬಿಗೇಟ್:
ಅಲ್ಲೇ ಇದೆ ನೋಡಿ. ಮೂರನೇ ಅಂಕಿ ಒಂದು ಕಡೆ 1, ಇನ್ನೊಂದು ಕಡೆ 0. ನಿಮ್ಮ ಮನೆಯಲ್ಲಿ ಒಂದು ನೆಟ್‌ವರ್ಕ್ ಇಲ್ಲ, ಎರಡಿವೆ. ಎದುರುಬದುರು ಮನೆಯಾದರೂ ಪಿನ್‌ಕೋಡ್ ಬೇರೆ ಇದ್ದ ಹಾಗೆ.

ಫೈಬರ್ ಕಂಪನಿಯ ಪೆಟ್ಟಿಗೆ ಕೆಳಗಿನವರಿಗೆ ವಿಳಾಸ ಹಂಚುತ್ತಿದೆ. ಮೇಲಿನ ರೂಟರ್ ತನ್ನದೇ ಲೆಕ್ಕದಲ್ಲಿ ಬೇರೆ ವಿಳಾಸ ಹಂಚುತ್ತಿದೆ. ಇಂಟರ್ನೆಟ್ ಎರಡೂ ಕಡೆ ಬರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಪ್ರಿಂಟರ್ ಹುಡುಕುವಾಗ ಮಾತ್ರ ಸಿಕ್ಕಿಹಾಕಿಕೊಳ್ಳುತ್ತೀರಿ. ಕಂಪ್ಯೂಟರ್ "ಇಲ್ಲಿ ಪ್ರಿಂಟರ್ ಯಾರಾದರೂ ಇದ್ದೀರಾ" ಅಂತ ಕೂಗುವ ಸಂದೇಶ ತನ್ನ ನೆಟ್‌ವರ್ಕ್ ಒಳಗೇ ಓಡಾಡುತ್ತದೆ, ರೂಟರ್ ದಾಟುವುದಿಲ್ಲ. ಮೇಲಿನಿಂದ ಕೆಳಗಿನ ಐಪಿ ನೇರವಾಗಿ ಟೈಪ್ ಮಾಡಿದರೆ ಎಷ್ಟೋ ಸಲ ಸಿಗುತ್ತದೆ, ಆದರೆ ಕೆಳಗಿನಿಂದ ಮೇಲಕ್ಕೆ ಸಿಗುವುದಿಲ್ಲ. ಹಾಗಾಗಿ ಆ ಅರೆಬರೆ ದಾರಿ ಬೇಡ.

ಮೇಲಿನ ರೂಟರ್‌ನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ವಿಳಾಸ ಹಂಚದೆ ಬರೀ ವೈಫೈ ಕೊಡುವುದು) ಇದ್ದರೆ ಅದನ್ನು ಆನ್ ಮಾಡಿ, ಅಷ್ಟೇ ಸಾಕು. ಇಲ್ಲದಿದ್ದರೆ ಮೊದಲು ಆ ರೂಟರ್‌ನ ಸ್ವಂತ ವಿಳಾಸ 192.168.1.2 ಅಂತ ಮಾಡಿ. ಆ ನಂಬರ್ ಕೆಳಗಿನ ಪೆಟ್ಟಿಗೆ ಬೇರೆಯವರಿಗೆ ಹಂಚುವ ಸಾಲಿನಲ್ಲಿ ಇರಬಾರದು. ಆಮೇಲೆ ಡಿಎಚ್‌ಸಿಪಿ, ಅಂದರೆ ವಿಳಾಸ ಹಂಚುವ ಕೆಲಸ, ಆಫ್ ಮಾಡಿ. ಕೊನೆಗೆ ವ್ಯಾನ್ (ಇಂಟರ್ನೆಟ್ ಒಳಗೆ ಬರುವ) ತೂತಿನಲ್ಲಿರುವ ಕೇಬಲ್ ತೆಗೆದು ಲ್ಯಾನ್ (ಮನೆಯ ಯಂತ್ರಗಳಿಗಿರುವ) ತೂತಿಗೆ ಹಾಕಿ. ಈ ಕ್ರಮದಲ್ಲೇ ಮಾಡಿ. ಕೇಬಲ್ ಮೊದಲು ಬದಲಾಯಿಸಿದರೆ ಎರಡು ಪೆಟ್ಟಿಗೆಗಳೂ ಒಂದೇ ನೆಟ್‌ವರ್ಕ್‌ನಲ್ಲಿ ವಿಳಾಸ ಹಂಚಲು ಶುರು ಮಾಡುತ್ತವೆ, ಮನೆಯಲ್ಲಿ ಯಾರಿಗೂ ನೆಟ್ ಸರಿಯಾಗಿ ಬರುವುದಿಲ್ಲ.

ಬಟವಾಡಿ_ಹುಡುಗ:
ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ. ಗೆಸ್ಟ್ ನೆಟ್‌ವರ್ಕ್ ಇರುವುದೇ ಮನೆಯ ಉಳಿದ ಯಂತ್ರಗಳನ್ನು ಮರೆಮಾಡಲು. ವೈಫೈ ಯಂತ್ರಗಳನ್ನು ಒಂದಕ್ಕೊಂದು ಕಾಣದಂತೆ ಮಾಡುವ ಎಪಿ ಐಸೋಲೇಷನ್ ಅನ್ನುವ ಆಯ್ಕೆ ಆನ್ ಇದ್ದರೂ ಅಷ್ಟೇ, ಅದನ್ನೂ ಒಮ್ಮೆ ನೋಡಿ.

ಎಸ್‌ಎಸ್‌ಪುರಂ_ಮಹಡಿಮನೆ:
ಆಕ್ಸೆಸ್ ಪಾಯಿಂಟ್ ಮೋಡ್ ಇತ್ತು. ಈಗ ಮೇಲಿನ ಲ್ಯಾಪ್‌ಟಾಪ್‌ಗೂ 192.168.1 ಸಾಲಿನ ವಿಳಾಸ ಬಂದಿದೆ. ನೆಟ್‌ವರ್ಕ್ ಪಟ್ಟಿಯಲ್ಲಿ ಅಪ್ಪನ ಡೆಸ್ಕ್‌ಟಾಪ್ ಕಾಣುತ್ತಿದೆ! ಆದರೆ ಕ್ಲಿಕ್ ಮಾಡಿದರೆ ಯೂಸರ್ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ.

ಕ್ಯಾತ್ಸಂದ್ರ_ಪ್ರಿಂಟ್:
ಪಿನ್ ಆ ಒಂದು ಯಂತ್ರಕ್ಕೆ ಮಾತ್ರ. ನೆಟ್‌ವರ್ಕ್ ಮೂಲಕ ಹೋದಾಗ ಪಿನ್ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡೇ ಬೇಕು. ಎಷ್ಟೋ ಜನ ಇದಕ್ಕೆ ಬೇಸತ್ತು ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಆಫ್ ಮಾಡಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಕಂಪ್ಯೂಟರ್‌ನಲ್ಲಿ ಶೇರ್ ಆಗಿರುವ ಫೋಲ್ಡರ್‌ಗಳಿಗೂ ಅದೇ ಬಾಗಿಲು.

ಡೆಸ್ಕ್‌ಟಾಪ್‌ನಲ್ಲಿ ಪ್ರಿಂಟ್‌ಗೆ ಅಂತಲೇ ಒಂದು ಲೋಕಲ್ ಅಕೌಂಟ್ ಮಾಡಿ. ಅಡ್ಮಿನ್ ಅಲ್ಲ, ಸಾದಾ ಯೂಸರ್. ಅದಕ್ಕೊಂದು ಪಾಸ್‌ವರ್ಡ್ ಕೊಡಿ. ಮೇಲಿನ ಲ್ಯಾಪ್‌ಟಾಪ್ ಕೇಳಿದಾಗ ಮೊದಲು ಡೆಸ್ಕ್‌ಟಾಪ್‌ನ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಆಮೇಲೆ ಆ ಯೂಸರ್ ಹೆಸರು ಹಾಕಿ. ನೆನಪಿಟ್ಟುಕೋ ಅನ್ನುವ ಟಿಕ್ ಹಾಕಿದರೆ ಮತ್ತೆ ಕೇಳುವುದಿಲ್ಲ.

ಇನ್ನು ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ಪ್ರೈವೇಟ್ ಆಗಿರಲಿ. ಪಬ್ಲಿಕ್ ಇದ್ದರೆ ಫೈರ್‌ವಾಲ್ ಎಲ್ಲವನ್ನೂ ತಡೆಯುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬ್‌ನಲ್ಲಿ ಚಿಕ್ಕ ಹೆಸರು ಕೊಡಿ. ಮಧ್ಯೆ ಜಾಗ ಬಿಡಬೇಡಿ, ಇಂಗ್ಲಿಷ್ ಅಕ್ಷರದಲ್ಲೇ ಇರಲಿ. ಪವರ್ ಸೆಟ್ಟಿಂಗ್‌ನಲ್ಲಿ ಸ್ಲೀಪ್ ಆಫ್ ಮಾಡಿ. ಡೆಸ್ಕ್‌ಟಾಪ್ ಮಲಗಿದರೆ ಪ್ರಿಂಟರ್ ಕೂಡ ಮಲಗಿದ ಹಾಗೇ.

ಎಸ್‌ಎಸ್‌ಪುರಂ_ಮಹಡಿಮನೆ:
ಅಕೌಂಟ್ ಮಾಡಿದೆ, ಒಳಗೆ ಬಿಟ್ಟುಕೊಂಡಿತು. ಪ್ರಿಂಟರ್ ಮೇಲೆ ಕನೆಕ್ಟ್ ಒತ್ತಿದರೆ ಈಗ ಹೊಸ ಎರರ್. ಉದ್ದ ಸೊನ್ನೆಗಳ ಸಾಲು, ಕೊನೆಯಲ್ಲಿ 11ಬಿ. ವಿಡಿಯೋ ಒಂದರಲ್ಲಿ ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿ) ಒಂದು ಕೀ ಸೇರಿಸಿ ಸೊನ್ನೆ ಹಾಕಿ ಅನ್ನುತ್ತಾರೆ. ಮಾಡಲಾ?

ಕ್ಯಾತ್ಸಂದ್ರ_ಪ್ರಿಂಟ್:
ಮಾಡಬೇಡಿ. ಆ ಎರರ್ ಯಾಕೆ ಬರುತ್ತದೆ ಅಂತ ತಿಳಿದರೆ ನೀವೇ ಬೇಡ ಅನ್ನುತ್ತೀರಿ.

2021ರಲ್ಲಿ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ಭಾಗ) ದೊಡ್ಡ ದೊಡ್ಡ ಭದ್ರತಾ ತೂತುಗಳು ಸಿಕ್ಕವು. ಜುಲೈನಲ್ಲಿ ಪ್ರಿಂಟ್‌ನೈಟ್‌ಮೇರ್ ಅಂತ ಸುದ್ದಿಯಾಯಿತಲ್ಲ, ಅದೇ ಕಾಲ. ಪ್ರಿಂಟ್ ಹಂಚುವ ದಾರಿಯಿಂದಲೇ ಬೇರೆಯವರು ಕಂಪ್ಯೂಟರ್‌ನ ಒಳಗೆ ಬರಬಹುದಿತ್ತು. ಆ ವರ್ಷ ಮೈಕ್ರೋಸಾಫ್ಟ್ ಒಂದೊಂದಾಗಿ ಬಾಗಿಲು ಭದ್ರ ಮಾಡಿತು. ಸೆಪ್ಟೆಂಬರ್ ಅಪ್‌ಡೇಟ್ ನಂತರ ಎರಡು ಕಂಪ್ಯೂಟರ್‌ಗಳ ನಡುವಿನ ಪ್ರಿಂಟ್ ಮಾತುಕತೆ ಇನ್ನಷ್ಟು ಬಿಗಿಯಾಯಿತು. ಒಂದು ಕಡೆ ಅಪ್‌ಡೇಟ್ ಆಗಿ ಇನ್ನೊಂದು ಕಡೆ ಆಗದಿದ್ದರೆ ಒಪ್ಪಂದ ಆಗುವುದಿಲ್ಲ. ಆಗ ಬರುವುದೇ ಈ 11ಬಿ. ಆ ಕೀಗೆ ಸೊನ್ನೆ ಹಾಕುವುದು ಅಂದರೆ ಮುಚ್ಚಿದ ತೂತನ್ನು ಕೈಯಾರೆ ಮತ್ತೆ ತೆರೆಯುವುದು.

ಮೊದಲು ಎರಡೂ ಕಡೆ ಅಪ್‌ಡೇಟ್ ಪೂರ್ತಿ ಮಾಡಿ. ಅಪ್ಪನ ಡೆಸ್ಕ್‌ಟಾಪ್‌ನಲ್ಲಿ ಅಪ್‌ಡೇಟ್ ನಿಲ್ಲಿಸಿಟ್ಟಿದ್ದಾರಾ ನೋಡಿ. ಆಮೇಲೂ ಬಂದರೆ ಹೀಗೆ ಮಾಡಿ. ಲ್ಯಾಪ್‌ಟಾಪ್‌ನಲ್ಲಿ 1020ರ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಮೊದಲೇ ಹಾಕಿಕೊಳ್ಳಿ. ಆಡ್ ಪ್ರಿಂಟರ್‌ನಲ್ಲಿ ಮ್ಯಾನುಯಲ್ ಸೆಟ್ಟಿಂಗ್ಸ್ ಆರಿಸಿ, ಹೊಸ ಲೋಕಲ್ ಪೋರ್ಟ್ ಮಾಡಿ. ಪೋರ್ಟಿನ ಹೆಸರಿನ ಜಾಗದಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್, ಡೆಸ್ಕ್‌ಟಾಪ್ ಹೆಸರು, ಒಂದು ಬ್ಯಾಕ್‌ಸ್ಲ್ಯಾಶ್, ಶೇರ್ ಹೆಸರು. ಡ್ರೈವರ್ ಪಟ್ಟಿಯಿಂದ 1020 ಆರಿಸಿ. ಲ್ಯಾಪ್‌ಟಾಪ್ ಅದನ್ನು ತನ್ನದೇ ಪ್ರಿಂಟರ್ ಅಂತ ತಿಳಿದು ಕೆಲಸವನ್ನು ನೇರವಾಗಿ ಆ ಶೇರ್‌ಗೆ ಕಳಿಸುತ್ತದೆ.

ಶಿರಾಗೇಟ್_ಆಫೀಸ್:
ನಮ್ಮಲ್ಲಿ 11ಬಿ ಬದಲು 709 ಅಂತ ಕೊನೆಯಾಗುವ ಎರರ್ ಬರುತ್ತಿತ್ತು. ಅದು ವಿಂಡೋಸ್ 11ರ 22ಎಚ್2 ಆವೃತ್ತಿಯಿಂದ ಪ್ರಿಂಟ್ ಮಾತುಕತೆಯ ದಾರಿ ಬದಲಾದ ಮೇಲೆ ಜಾಸ್ತಿ. ಹಳೇ ವಿಂಡೋಸ್ ಜೊತೆ ಸೇರಿಸುವಾಗ ಕಾಣುತ್ತದೆ. ಲೋಕಲ್ ಪೋರ್ಟ್ ವಿಧಾನ ಅಲ್ಲಿಯೂ ಕೈ ಹಿಡಿಯಿತು.

ಎಸ್‌ಎಸ್‌ಪುರಂ_ಮಹಡಿಮನೆ:
ನೀವು ಹೇಳಿದ್ದು ಸರಿ. ಡೆಸ್ಕ್‌ಟಾಪ್ ರಿಪೇರಿ ಮಾಡಿದ ಅಂಗಡಿಯವರು ಅಪ್‌ಡೇಟ್ ಪೂರ್ತಿ ನಿಲ್ಲಿಸಿಬಿಟ್ಟಿದ್ದರು. ಎಲ್ಲ ಹಾಕಿದ ಮೇಲೂ ಎರರ್ ಹೋಗಲಿಲ್ಲ. ಲೋಕಲ್ ಪೋರ್ಟ್ ಮಾಡಿದೆ, ಟೆಸ್ಟ್ ಪೇಜ್ ಬಂತು! ಈಗ ಉಳಿದಿರುವುದು ತಂಗಿಯ ಉಬುಂಟು, ಅಮ್ಮನ ಫೋನ್. ಇನ್ನೊಂದು ಕಿರಿಕಿರಿ: ಅಪ್ಪ ಊರಿಗೆ ಹೋದಾಗ ಡೆಸ್ಕ್‌ಟಾಪ್ ಆಫ್ ಮಾಡಿ ಹೋಗುತ್ತಾರೆ. ಆಗ ಯಾರಿಗೂ ಪ್ರಿಂಟ್ ಇಲ್ಲ.

ತೆಂಗಿನತೋಟ_ಲಿನಕ್ಸ್:
ತಿಪಟೂರಿನಿಂದ. ನನಗೆ ಹೇಳಬೇಕಿದ್ದ ಮಾತು ಈಗ ಬಂತು. ಮನೆಯ ಪ್ರಿಂಟರ್ ಯಾರೊಬ್ಬರ ಕಂಪ್ಯೂಟರ್‌ಗೂ ಅಂಟಿಕೊಂಡಿರಬಾರದು. ಅಪ್ಪನ ಯಂತ್ರ ಆನ್ ಇರಬೇಕು, ಅದಕ್ಕೆ ಪಾಸ್‌ವರ್ಡ್ ಬೇಕು, ಅದರ ಅಪ್‌ಡೇಟ್ ಬದಲಾದರೆ ಎಲ್ಲರಿಗೂ ತೊಂದರೆ. ನಿಮ್ಮ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಡೀ ಮನೆಯ ಪ್ರಿಂಟ್ ಅದರ ಮೇಲೆ ನಿಲ್ಲುವುದು ಬೇಡ.

ರಾಸ್‌ಬೆರಿ ಪೈ ಥರದ ಒಂದು ಚಿಕ್ಕ ಬೋರ್ಡ್ ತಂದು ಪ್ರಿಂಟರ್ ಅದಕ್ಕೆ ಸೇರಿಸಿ. ಅಂಗೈ ಅಗಲ ಇರುತ್ತದೆ, ಮೊಬೈಲ್ ಚಾರ್ಜರ್‌ನಂತೆ 5 ವೋಲ್ಟ್‌ನಲ್ಲಿ ದಿನವಿಡೀ ಆನ್ ಇರುತ್ತದೆ. ಅದರಲ್ಲಿ ಕಪ್ಸ್ ಅನ್ನುವ ತಂತ್ರಾಂಶ ಹಾಕಿ. 1999ರಲ್ಲಿ ಬಂದದ್ದು, ಬಿಟ್ಟಿ. ಆಪಲ್‌ನ ಮ್ಯಾಕ್ ಯಂತ್ರಗಳಲ್ಲೂ ಲಿನಕ್ಸ್‌ನಲ್ಲೂ ಪ್ರಿಂಟ್ ನಡೆಸುತ್ತಿರುವುದು ಇದೇ. ಬ್ರೌಸರ್‌ನಲ್ಲಿ ಪೈನ ಐಪಿ, ಮುಂದೆ ಕೋಲನ್, 631 ಅಂತ ಹೊಡೆದರೆ ಅದರ ಪುಟ ತೆರೆಯುತ್ತದೆ. ಬೇರೆ ಕಂಪ್ಯೂಟರ್‌ನಿಂದ ಆ ಪುಟ ನೋಡಲು ರಿಮೋಟ್ ಅಡ್ಮಿನ್ ಮೊದಲು ಆನ್ ಮಾಡಬೇಕು. ಅಲ್ಲಿ ಪ್ರಿಂಟರ್ ಸೇರಿಸಿ, ಶೇರ್ ಅನ್ನುವ ಟಿಕ್ ಹಾಕಿ.

ಆಮೇಲೆ ಉಬುಂಟು ತಾನೇ ಪ್ರಿಂಟರ್ ಕಂಡುಕೊಳ್ಳುತ್ತದೆ. ಅವಾಹಿ ಅನ್ನುವುದು ಮನೆಯ ನೆಟ್‌ವರ್ಕ್‌ನಲ್ಲಿ "ಇಲ್ಲೊಂದು ಪ್ರಿಂಟರ್ ಇದೆ" ಅಂತ ಸಾರುತ್ತಿರುತ್ತದೆ. ಐಫೋನ್, ಈಗಿನ ಆಂಡ್ರಾಯ್ಡ್ ಫೋನುಗಳಿಗೂ ಸಾಮಾನ್ಯವಾಗಿ ಕಾಣುತ್ತದೆ. ಅಮ್ಮನ ಫೋನಿನಲ್ಲಿ ಡಿಫಾಲ್ಟ್ ಪ್ರಿಂಟ್ ಸರ್ವಿಸ್ ಆನ್ ಇದ್ದರೆ ಸಾಕು, ಬೇರೆ ಆ್ಯಪ್ ಬೇಡ. ವಿಂಡೋಸ್‌ನಲ್ಲಿ ಪಟ್ಟಿಯಲ್ಲಿ ಬರದಿದ್ದರೆ ಐಪಿಪಿ (ನೆಟ್‌ವರ್ಕ್ ಮೂಲಕ ಪ್ರಿಂಟ್ ಕಳಿಸುವ ಪದ್ಧತಿ) ವಿಳಾಸ ಟೈಪ್ ಮಾಡಿ ಸೇರಿಸಬಹುದು.

ಮಧುಗಿರಿ_ಕೋಟೆ:
ಎಲ್ಲ ಪ್ರಿಂಟರ್‌ಗೂ ಪೈ ನಡೆಯುತ್ತದೆ ಅಂತ ಹೇಳಬೇಡಿ. ನಮ್ಮ ಮನೆಯಲ್ಲಿ ಇರುವುದು ಕ್ಯಾನನ್ ಎಲ್‌ಬಿಪಿ 2900. ಕ್ಯಾನನ್ ಕೊಡುವ ಲಿನಕ್ಸ್ ಡ್ರೈವರ್ ಇಂಟೆಲ್ ಮಾದರಿಯ ಪ್ರೊಸೆಸರ್‌ಗೆ ಮಾತ್ರ. ಪೈನಲ್ಲಿರುವುದು ಆರ್ಮ್ ಅನ್ನುವ ಬೇರೆ ಮಾದರಿ. ಉತ್ಸಾಹಿಗಳು ಬರೆದ ಬೇರೆ ಡ್ರೈವರ್ ಇದೆ, ಆದರೆ ಅದನ್ನು ಕಂಪೈಲ್ ಮಾಡಿಕೊಂಡು ಹೊಂದಿಸುವ ತಾಳ್ಮೆ ಬೇಕು. ಇಂಥ ಪ್ರಿಂಟರ್ ಇರುವವರು ಹಳೇ ಲ್ಯಾಪ್‌ಟಾಪ್ ಒಂದನ್ನು ಆ ಕೆಲಸಕ್ಕೆ ಬಿಡುವುದು ಮೇಲು. ಪರದೆ ಒಡೆದಿದ್ದರೂ ಪರವಾಗಿಲ್ಲ.

ತೆಂಗಿನತೋಟ_ಲಿನಕ್ಸ್:
ಒಪ್ಪುತ್ತೇನೆ. ಈ ಅಗ್ಗದ ಲೇಸರ್‌ಗಳಿಗೆ ಸ್ವಂತ ಬುದ್ಧಿ ಕಡಿಮೆ. ಪುಟದ ಚಿತ್ರವನ್ನು ಕಂಪ್ಯೂಟರ್ ತಯಾರು ಮಾಡಿ ಕೊಡಬೇಕು. ಅದಕ್ಕೇ ಸರಿಯಾದ ಡ್ರೈವರ್ ಇಲ್ಲದೆ ಒಂದು ಗೆರೆಯೂ ಬರುವುದಿಲ್ಲ. ಕೊಳ್ಳುವ ಮುಂಚೆ ನಿಮ್ಮ ಮಾಡೆಲ್‌ಗೆ ಆರ್ಮ್‌ನಲ್ಲಿ ಡ್ರೈವರ್ ಇದೆಯಾ ನೋಡಿ. 1020ಕ್ಕೆ ಇದೆ.

ಆದರೆ 1020ಕ್ಕೆ ಒಂದು ವಿಚಿತ್ರ ಗುಣ ಇದೆ, ಅದನ್ನು ತಿಳಿದುಕೊಳ್ಳದೆ ಪೈ ಕೂರಿಸಬೇಡಿ. ಅದರ ಫರ್ಮ್‌ವೇರ್ (ಪ್ರಿಂಟರ್ ಒಳಗೆ ಓಡುವ ತಂತ್ರಾಂಶ) ಪ್ರಿಂಟರ್ ಒಳಗೆ ಉಳಿಯುವುದಿಲ್ಲ. ಪ್ರಿಂಟರ್ ಆಫ್ ಆದರೆ ಅಳಿಸಿ ಹೋಗುತ್ತದೆ. ಪ್ರತಿ ಸಲ ಆನ್ ಆದಾಗ ಕಂಪ್ಯೂಟರ್ ಅದನ್ನು ಯುಎಸ್‌ಬಿ ಮೂಲಕ ಮತ್ತೆ ಕಳಿಸಬೇಕು. ವಿಂಡೋಸ್‌ನಲ್ಲಿ ಡ್ರೈವರ್ ಸದ್ದಿಲ್ಲದೆ ಈ ಕೆಲಸ ಮಾಡುತ್ತದೆ, ಹಾಗಾಗಿ ಗೊತ್ತೇ ಆಗಿರುವುದಿಲ್ಲ. ಪೈನಲ್ಲಿ ಫರ್ಮ್‌ವೇರ್ ಫೈಲ್ ನೀವೇ ಹಾಕಿಟ್ಟಿರಬೇಕು. ಎಚ್‌ಪಿಯ ಎಚ್‌ಪ್ಲಿಪ್ ಅನ್ನುವ ಲಿನಕ್ಸ್ ಡ್ರೈವರ್ ಹಾಕಿದರೆ ಅದರ ಪ್ಲಗಿನ್ ಕೂಡ ಇಳಿಸಿಕೊಳ್ಳಿ, ಇಲ್ಲವೇ ಫೂ2ಝಡ್‌ಜೆಎಸ್ ಡ್ರೈವರ್ ಬಳಸಿ. ಫರ್ಮ್‌ವೇರ್ ಹೋಗದಿದ್ದರೆ ಕಪ್ಸ್ ಪುಟದಲ್ಲಿ ಕೆಲಸ ಕಳಿಸಿದೆ ಅಂತ ತೋರಿಸುತ್ತದೆ, ಪ್ರಿಂಟರ್ ಮಾತ್ರ ಅಲುಗಾಡುವುದಿಲ್ಲ. ಕೇಬಲ್ ಹಾಳಾಯಿತು, ಟೋನರ್ ಮುಗಿಯಿತು ಅಂತ ಸುಮ್ನೆ ಒದ್ದಾಡುತ್ತೀರಿ.

ನಮ್ಮ ಕಡೆ ಕರೆಂಟ್ ಹೋಗಿ ಬರುವುದು ಮಾಮೂಲಿ, ಅಲ್ವಾ. ಕರೆಂಟ್ ಬಂದಾಗ ಪ್ರಿಂಟರ್ ಬೇಗ ಎದ್ದು ಕಾಯುತ್ತದೆ, ಪೈ ಇನ್ನೂ ಬೂಟ್ ಆಗುತ್ತಿರುತ್ತದೆ. ಆ ಗಡಿಬಿಡಿಯಲ್ಲಿ ಫರ್ಮ್‌ವೇರ್ ಕಳಿಸುವುದು ತಪ್ಪಿಹೋಗಬಹುದು. ಆಗ ಪ್ರಿಂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ: ರೂಟರ್‌ಗೆ ಹಾಕುವ ಮಿನಿ ಯುಪಿಎಸ್‌ಗಳಲ್ಲಿ 5 ವೋಲ್ಟ್ ಔಟ್‌ಪುಟ್ ಇರುವುದು ಸಿಗುತ್ತದೆ. ನಿಮ್ಮ ಪೈಗೆ ಬೇಕಾದಷ್ಟು ಆಂಪಿಯರ್ ಕೊಡುತ್ತದೆಯಾ ನೋಡಿಕೊಂಡು ರೂಟರ್, ಪೈ ಎರಡನ್ನೂ ಅದಕ್ಕೆ ಹಾಕಿ. ಆಗ ಪೈ ಬೀಳುವುದೇ ಇಲ್ಲ. ಕರೆಂಟ್ ಬಂದು ಪ್ರಿಂಟರ್ ಎದ್ದ ಕೂಡಲೇ ಪೈ ಅದನ್ನು ಗಮನಿಸಿ ಫರ್ಮ್‌ವೇರ್ ಕಳಿಸುತ್ತದೆ.

ಗುಬ್ಬಿಗೇಟ್:
ಪ್ರಿಂಟರ್ ಮಾತ್ರ ಯುಪಿಎಸ್‌ಗೆ ಹಾಕಬೇಡಿ. ಲೇಸರ್ ಪ್ರಿಂಟರ್‌ನ ಫ್ಯೂಸರ್ (ಟೋನರ್ ಪುಡಿಯನ್ನು ಕಾಗದಕ್ಕೆ ಕಾಯಿಸಿ ಅಂಟಿಸುವ ಭಾಗ) ಬಿಸಿಯಾಗುವಾಗ ಒಮ್ಮೆಲೇ ತುಂಬ ಕರೆಂಟ್ ಎಳೆಯುತ್ತದೆ. ಕಂಪ್ಯೂಟರ್‌ನ ಚಿಕ್ಕ ಯುಪಿಎಸ್ ಅದನ್ನು ತಾಳುವುದಿಲ್ಲ, ಓವರ್‌ಲೋಡ್ ಆಗಿ ಎಲ್ಲವೂ ಆಫ್ ಆಗುತ್ತದೆ. ನೇರ ಗೋಡೆಯ ಸಾಕೆಟ್‌ಗೇ ಇರಲಿ.

ನಿವೃತ್ತ_ಮೇಷ್ಟ್ರು:
ಕನ್ನಡ ಟೈಪ್ ಮಾಡುವ ಅಪ್ಪ ಇದ್ದಾರೆ ಅಂದಿರಿ. ಅವರು ನುಡಿ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡುತ್ತಾರಾ? ಹಾಗಿದ್ದರೆ ಒಂದು ವಿಷಯ ಗಮನದಲ್ಲಿಡಿ. ಆ ಫೈಲನ್ನು ನುಡಿ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ಪ್ರಿಂಟ್ ಕೊಟ್ಟರೆ ಕನ್ನಡ ಬರುವುದಿಲ್ಲ. ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಇಟ್ಟಿರುತ್ತವೆ. ಫಾಂಟ್ ಇಲ್ಲದಿದ್ದರೆ ಒಳಗಿನದು ಬಯಲಾಗುತ್ತದೆ.

ಪ್ರಿಂಟರ್ ಹಂಚಿದ ಮೇಲೆ ಈ ತೊಂದರೆ ಕಡಿಮೆಯಾಗುತ್ತದೆ, ಯಾಕೆಂದರೆ ಅಪ್ಪ ತಮ್ಮ ಯಂತ್ರದಿಂದಲೇ ಪ್ರಿಂಟ್ ಕೊಡುತ್ತಾರೆ. ಫೈಲ್ ಬೇರೆ ಕಡೆ ಕಳಿಸಲೇಬೇಕಾದರೆ ಪಿಡಿಎಫ್ ಮಾಡಿ ಕಳಿಸಲಿ. ಪಿಡಿಎಫ್ ಮಾಡುವಾಗ ಫಾಂಟ್ ಅದರ ಒಳಗೇ ಸೇರಿಕೊಳ್ಳುತ್ತದೆ, ಫೋನಿನಲ್ಲೂ ಸರಿಯಾಗಿ ಕಾಣುತ್ತದೆ. ಹೊಸದಾಗಿ ಬರೆಯುವುದನ್ನು ಯೂನಿಕೋಡ್‌ನಲ್ಲೇ ಬರೆದರೆ ಇನ್ನೂ ಒಳ್ಳೆಯದು. ಈಚಿನ ನುಡಿಯಲ್ಲಿ ಆ ಸೌಲಭ್ಯ ಇದೆ, ಕೀಲಿಮಣೆ ಅದೇ ಇರುತ್ತದೆ, ಹೊಸದಾಗಿ ಕಲಿಯಬೇಕಿಲ್ಲ.

ಎಸ್‌ಎಸ್‌ಪುರಂ_ಮಹಡಿಮನೆ:
ಮೇಷ್ಟ್ರೇ, ನಮ್ಮಲ್ಲಿ ಆಗುತ್ತಿದ್ದದ್ದು ಅದೇ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಅಪ್ಪನ ಅರ್ಜಿ ತೆರೆದಾಗ ಬರೀ ಚುಕ್ಕೆ ಗೆರೆ. ಅಪ್ಪನಿಗೆ ತೋರಿಸಿದೆ, ಪಿಡಿಎಫ್ ಮಾಡುವುದು ಕಲಿತರು.

ಪೈ ತಂದು ಕೂರಿಸಿದ್ದೇವೆ. ಫರ್ಮ್‌ವೇರ್ ವಿಷಯ ಮೊದಲೇ ಗೊತ್ತಿದ್ದರಿಂದ ತಂಗಿ ಪ್ಲಗಿನ್ ಹಾಕಿದಳು. ಉಬುಂಟುಗೆ ತಾನಾಗಿಯೇ ಬಂತು. ಅಮ್ಮನ ಫೋನಿನಲ್ಲಿ ಪ್ರಿಂಟ್ ಒತ್ತಿದರೆ ಹೆಸರು ಕಾಣುತ್ತಿದೆ, ಪಹಣಿ ಅಲ್ಲಿಂದಲೇ ತೆಗೆದರು. ನನ್ನ ಲ್ಯಾಪ್‌ಟಾಪ್ ಮಾತ್ರ ಒಮ್ಮೊಮ್ಮೆ ಪ್ರಿಂಟರ್ ಆಫ್‌ಲೈನ್ ಅನ್ನುತ್ತದೆ, ಸಂಜೆ ಸರಿ ಇರುತ್ತದೆ. ಆಫೀಸ್ ಸಮಯದಲ್ಲೇ ಯಾಕೆ?

ಶಿರಾಗೇಟ್_ಆಫೀಸ್:
ಆಫೀಸ್ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಹಾಕಿರುತ್ತೀರಾ? ಅದು ಆನ್ ಇದ್ದಾಗ ಲ್ಯಾಪ್‌ಟಾಪ್‌ನ ಎಲ್ಲ ಸಂಚಾರ ಆಫೀಸಿನ ಕಡೆ ಹೋಗುವ ಹಾಗೆ ಎಷ್ಟೋ ಕಂಪನಿಗಳು ಇಟ್ಟಿರುತ್ತವೆ. ಮನೆಯ ನೆಟ್‌ವರ್ಕ್ ಆಗ ಕಾಣುವುದಿಲ್ಲ. ಅದು ಬೇಕೆಂದೇ ಮಾಡಿದ ಭದ್ರತೆ, ದಾಟಲು ನೋಡಬೇಡಿ. ವಿಪಿಎನ್ ಬಿಟ್ಟ ಮೇಲೆ ಪ್ರಿಂಟ್ ಕೊಡಿ. ಆಫೀಸಿನ ಕಾಗದ ಮನೆಯಲ್ಲಿ ಪ್ರಿಂಟ್ ತೆಗೆಯಲು ಅನುಮತಿ ಇದೆಯಾ ಅಂತಲೂ ಐಟಿಯವರನ್ನು ಕೇಳಿಕೊಳ್ಳಿ.

ಎಸ್‌ಎಸ್‌ಪುರಂ_ಮಹಡಿಮನೆ:
ಹೌದು, ವಿಪಿಎನ್ ಆಫ್ ಮಾಡಿದ ಕೂಡಲೇ ಬಂತು. ಐಟಿಯವರಿಗೆ ಮೇಲ್ ಹಾಕಿದ್ದೇನೆ.

ಅಮಾನಿಕೆರೆ_ವಾಕರ್:
ನನ್ನದೂ ಒಂದು ಪ್ರಶ್ನೆ, ಇಲ್ಲೇ ಕೇಳುತ್ತೇನೆ. ನಮ್ಮದು ವೈಫೈ ಇರುವ ಇಂಕ್ ಟ್ಯಾಂಕ್ ಪ್ರಿಂಟರ್. ಪೈ, ಶೇರ್ ಏನೂ ಬೇಡ. ಆದರೂ ಕರೆಂಟ್ ಹೋಗಿ ಬಂದ ಮೇಲೆ ವಿಂಡೋಸ್ ಆಫ್‌ಲೈನ್ ಅನ್ನುತ್ತದೆ. ಫೋನಿನಿಂದ ಕೊಟ್ಟರೆ ಬರುತ್ತದೆ. ಪ್ರತಿ ಸಲ ಪ್ರಿಂಟರ್ ತೆಗೆದು ಮತ್ತೆ ಸೇರಿಸಬೇಕು. ಇದನ್ನು ಮಾರಿ ಬೇರೆ ತಗೊಳ್ಳಲಾ?

ಗುಬ್ಬಿಗೇಟ್:
ಮಾರಬೇಡಿ, ಪ್ರಿಂಟರ್ ಚೆನ್ನಾಗಿಯೇ ಇದೆ. ರೂಟರ್ ಎದ್ದಾಗ ಪ್ರಿಂಟರ್‌ಗೆ ಹೊಸ ವಿಳಾಸ ಕೊಟ್ಟಿರುತ್ತದೆ. ಫೋನ್ ಪ್ರತಿ ಸಲ ಹೊಸದಾಗಿ ಹುಡುಕುತ್ತದೆ, ವಿಂಡೋಸ್ ಹಳೇ ವಿಳಾಸದ ಬಾಗಿಲನ್ನೇ ಬಡಿಯುತ್ತಿರುತ್ತದೆ. ರೂಟರ್ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಜೊತೆಗೇ ಬರುವ ನಂಬರ್, ಆಪಲ್‌ನ ಮ್ಯಾಕ್ ಅಲ್ಲ) ಒಂದು ಐಪಿ ಕಾಯಂ ಮಾಡಿ, ಉದಾಹರಣೆಗೆ 192.168.1.50. ಎಸ್.ಎಸ್. ಪುರಂನವರೂ ಪೈಗೆ ಇದನ್ನೇ ಮಾಡಿ.

ಆಮೇಲೆ ವಿಂಡೋಸ್‌ನಲ್ಲಿ ಆ ಪ್ರಿಂಟರ್‌ನ ಪೋರ್ಟ್ಸ್ ಟ್ಯಾಬ್ ನೋಡಿ. ಡಬ್ಲ್ಯುಎಸ್‌ಡಿ (ವಿಂಡೋಸ್ ತಾನೇ ಹುಡುಕಿ ಮಾಡಿಕೊಂಡ ಪೋರ್ಟ್) ಅಂತ ಇದ್ದರೆ ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಪೋರ್ಟ್ ಹೊಸದು ಮಾಡಿ ಅದೇ ಐಪಿ ಕೊಡಿ.

ಅಮಾನಿಕೆರೆ_ವಾಕರ್:
ಎರಡೂ ಮಾಡಿದೆ. ಪ್ರಿಂಟ್ ಬರುತ್ತದೆ, ಆದರೂ ಆಫ್‌ಲೈನ್ ಅನ್ನುವ ಬರಹ ಒಮ್ಮೊಮ್ಮೆ ಇರುತ್ತದೆ.

ಕ್ಯಾತ್ಸಂದ್ರ_ಪ್ರಿಂಟ್:
ಅದೇ ಪೋರ್ಟ್ ಆರಿಸಿ ಕಾನ್ಫಿಗರ್ ಪೋರ್ಟ್ ಒತ್ತಿ. ಕೆಳಗೆ ಎಸ್‌ಎನ್‌ಎಂಪಿ ಸ್ಟೇಟಸ್ ಎನೇಬಲ್ಡ್ ಅಂತ ಒಂದು ಟಿಕ್ ಇರುತ್ತದೆ, ಅದನ್ನು ತೆಗೆಯಿರಿ. ವಿಂಡೋಸ್ ಆ ದಾರಿಯಲ್ಲಿ ಪ್ರಿಂಟರ್ ಬದುಕಿದೆಯಾ ಅಂತ ಕೇಳುತ್ತದೆ. ಮನೆ ಬಳಕೆಯ ಕೆಲವು ಪ್ರಿಂಟರ್‌ಗಳು ಅದಕ್ಕೆ ಸರಿಯಾಗಿ ಉತ್ತರ ಕೊಡುವುದಿಲ್ಲ. ಉತ್ತರ ಬರದಿದ್ದರೆ ಆಫ್‌ಲೈನ್ ಅಂತ ಬರೆದುಬಿಡುತ್ತದೆ. ಟಿಕ್ ತೆಗೆದು ಓಕೆ ಕೊಟ್ಟು, ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ಒಮ್ಮೆ ರೀಸ್ಟಾರ್ಟ್ ಮಾಡಿ.